ಹಿಮದಡಿಯ ಜಾಡು

ಕೆನಡ ದೇಶದ ವಾಯವ್ಯದ ಅಂಚಿನಲ್ಲಿ, ಆರ್ಕ್‌ಟಿಕ್ ವೃತ್ತವನ್ನು ದಾಟಿ ನೂರು ಕಿಲೋಮೀಟರಿಗೂ ಮಿಕ್ಕು ಉತ್ತರಕ್ಕೆ, ಪೋರ್ಕ್ಯುಪೈನ್ ಮತ್ತು ಕ್ರೋ ಎಂಬ ನದಿಗಳೆರಡು ಕೂಡುವೆಡೆಯಲ್ಲಿ ಓಲ್ಡ್ ಕ್ರೋ ಎಂಬ ಸಣ್ಣ ಹಳ್ಳಿಯೊಂದಿದೆ. ಅಲ್ಲಿನ ಜನಸಂಖ್ಯೆ ಮುನ್ನೂರನ್ನು ಮುಟ್ಟುವುದಿಲ್ಲ. ಹೊರನಾಡಿನಿಂದ ಅಲ್ಲಿಗೆ ಇಂದಿಗೂ ಶಾಶ್ವತವಾದ ರಸ್ತೆಯಿಲ್ಲ. ಬೇಸಗೆಯಲ್ಲಿ ನದಿ, ಉಳಿದಂತೆ ವಿಮಾನ, ಇವೇ ಮಾರ್ಗಗಳು. ಚಳಿಗಾಲದ ನಡುವಿನ ದಿನಗಳಲ್ಲಿ ಸೂರ್ಯನು ದಿಗಂತದ ಮೇಲಕ್ಕೆ ಏರುವುದೇ ಇಲ್ಲ. ಬೇಸಗೆಯ ನಡುವೆ ಮುಳುಗುವುದೇ ಇಲ್ಲ. ಇಂತಹ ನೆಲವನ್ನು ಸಾವಿರಾರು ವರ್ಷಗಳಿಂದ ತಮ್ಮದೆಂದು ಬಾಳಿಕೊಂಡು ಬಂದವರು ಗ್ವಿಚಿನ್ ಎಂಬ ಮೂಲನಿವಾಸಿ ಜನ. ಅವರಲ್ಲಿಯೂ ಈ ಹಳ್ಳಿಯವರಿಗೆ ವುಂಟುಟ್ ಗ್ವಿಚಿನ್, ಎಂದರೆ ಸರೋವರಗಳ ನಡುವಿನ ಜನ, ಎಂಬ ಹೆಸರುಂಟು. ದೂರದೇಶದಿಂದ ಬಂದ ಒಬ್ಬ ಮನುಷ್ಯನು ಈ ಜನರ ಮಕ್ಕಳೊಡನೆ ಕಳೆದ ಕೆಲವು ವರ್ಷಗಳು, ಆ ವರ್ಷಗಳಿಂದ ಹುಟ್ಟಿದ ಫಲ, ಆ ಫಲಕ್ಕೆ ಹೊಂದಿಕೊಂಡೇ ಇದ್ದ ನೋವು, ಇವುಗಳ ಚರಿತ್ರೆಯನ್ನು ಹೇಳುವುದು ಈ ಬರಹದ ಉದ್ದೇಶ. ಪರರ ಮಕ್ಕಳಿಗೆ ನೆರವಾಗಲೆಂದು ಸ್ವಯಂಸೇವಕರಾಗಿ ದೂರದ ನಾಡುಗಳಿಗೆ ಹೊರಡುವ ಯುವಜನರು ಇಂದು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೊರಡುವ ಮುನ್ನ ಅವರು ತಿಳಿಯತಕ್ಕ ಕೆಲವು ಮಾತುಗಳು ಈ ಸಣ್ಣ ಹಳ್ಳಿಯ ಕಥೆಯಲ್ಲಿ ಅಡಗಿವೆಯೆಂದು ನಾನು ನಂಬಿದ್ದೇನೆ.

ಮೊದಲು ಆ ಜನರ ಹಳೆಯ ವಿದ್ಯಾಭ್ಯಾಸವನ್ನು ಅರಿಯಬೇಕು. ಶಾಲೆಯೆಂಬುದು ಬರುವುದಕ್ಕೆ ಬಹು ಮುಂಚೆಯೇ ಗ್ವಿಚಿನ್ ಮಕ್ಕಳಿಗೆ ಕಠಿಣವೂ ಪರಿಪೂರ್ಣವೂ ಆದ ಒಂದು ಶಿಕ್ಷಣವಿದ್ದಿತು. ವರ್ಷಕ್ಕೆರಡು ಬಾರಿ, ವಸಂತದಲ್ಲಿಯೂ ಶರತ್ಕಾಲದಲ್ಲಿಯೂ, ಕ್ಯಾರಿಬೂ ಎಂಬ ಕಾಡುಜಿಂಕೆಗಳ ಮಹಾಸಮೂಹವು ಪೋರ್ಕ್ಯುಪೈನ್ ನದಿಯನ್ನು ದಾಟುತ್ತದೆ. ಆ ದಾಟುವಿಕೆಯ ಮೇಲೆಯೇ ಅವರ ಅನ್ನ, ಉಡುಪು, ಡೇರೆ, ದಾರ, ಎಲ್ಲವೂ ನಿಂತಿದ್ದವು. ವಸಂತಋತು ಬಂದಿತೆಂದರೆ ಸಂಸಾರಗಳು ಮಕ್ಕಳುಮರಿಗಳೊಡನೆ ಹಳ್ಳಿಯ ಉತ್ತರಕ್ಕಿರುವ ಸಾವಿರಾರು ಕೆರೆಕೊಳಗಳ ಬಯಲಿಗೆ ಹೋಗಿ ಬಿಡಾರ ಮಾಡಿ, ಮಸ್ಕ್‌ರಾಟ್ ಎಂಬ ನೀರುಪ್ರಾಣಿಯನ್ನು ತುಪ್ಪುಳಕ್ಕಾಗಿಯೂ ಮಾಂಸಕ್ಕಾಗಿಯೂ ಹಿಡಿಯುತ್ತಿದ್ದರು. ಅಲ್ಲಿ ಮಗುವಿಗೆ ಯಾರೂ ಪಾಠ ಹೇಳುತ್ತಿರಲಿಲ್ಲ. ಹಿರಿಯರು ಮಾಡುತ್ತಿದ್ದರು, ಮಗು ನೋಡುತ್ತಿದ್ದಿತು, ಒಂದು ದಿನ ತಾನೇ ಮಾಡುತ್ತಿದ್ದಿತು. ಮಂಜುಗಡ್ಡೆ ಎಲ್ಲಿ ಭಾರ ತಡೆಯುತ್ತದೆ, ಎಲ್ಲಿ ತಡೆಯದು. ಗಾಳಿ ಯಾವ ಕಡೆಯಿಂದ ತಿರುಗಿದರೆ ಬೇಗ ಬಿಡಾರಕ್ಕೆ ಮರಳಬೇಕು. ಹೊರೆಯನ್ನು ಬೆನ್ನಿಗೆ ಹೇಗೆ ಕಟ್ಟಿದರೆ ದಿನವಿಡೀ ನಡೆಯಬಹುದು. ಇವು ಅಲ್ಲಿನ ಅಕ್ಷರಾಭ್ಯಾಸ.

ಈ ಶಿಕ್ಷಣದ ಮುಖ್ಯ ಉಪಕರಣವೆಂದರೆ ಹಿಮಪಾದುಕೆ. ಭೂರ್ಜವೃಕ್ಷದ ಕಟ್ಟಿಗೆಯನ್ನು ಬಾಗಿಸಿ ಮಾಡಿದ ಉದ್ದನೆಯ ಚೌಕಟ್ಟು, ಅದರೊಳಗೆ ಕ್ಯಾರಿಬೂ ಹಸಿದೊಗಲಿನ ಸಣ್ಣ ಸಣ್ಣ ಪಟ್ಟಿಗಳಿಂದ ಹೆಣೆದ ಬಲೆ, ಮುಂಭಾಗ ಮೇಲಕ್ಕೆ ಬಾಗಿದ ಮೂಗು. ಸೊಂಟದವರೆಗೆ ಹುಗಿಯುವ ಮೆತ್ತನೆಯ ಹಿಮದ ಮೇಲೆ ಇದನ್ನು ಕಟ್ಟಿಕೊಂಡವನು ಮುಳುಗದೆ ನಡೆಯುತ್ತಾನೆ. ಪ್ರಯಾಣದಲ್ಲಿ ಒಬ್ಬನು ಜಾರುಬಂಡಿ ಎಳೆಯುವ ನಾಯಿಗಳ ಮುಂದೆ ಹೀಗೆ ನಡೆಯುತ್ತ ಜಾಡು ಒತ್ತುತ್ತ ಹೋಗುತ್ತಾನೆ. ಒತ್ತಿದ ಜಾಡಿನ ಗುಣ ವಿಶೇಷವಾದುದು. ಆ ಹೊತ್ತಿಗೆ ಅದು ಇನ್ನೂ ಮೆದುವಾಗಿಯೇ ಇರುತ್ತದೆ. ಒಂದು ರಾತ್ರಿಯ ಚಳಿ ಕಳೆದರೆ ಗಟ್ಟಿಯಾಗಿ ಹೆಪ್ಪುಗಟ್ಟಿ, ಮಾರನೆಯ ದಿನ ತುಂಬಿದ ಬಂಡಿಯನ್ನೂ ಹೊರುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು ಕಣ್ಣಿಗೆ ಏನೂ ಕಾಣದಂತಾದರೂ, ಬಲ್ಲವನ ಕಾಲು ಅಡಿಯಲ್ಲಿರುವ ಆ ಗಟ್ಟಿ ನೆಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಅವಶ್ಯಕತೆಯುಂಟು.

ಹೊರಗಿನವರು ಈ ನಾಡಿಗೆ ಬಂದುದು ತುಪ್ಪುಳದ ವ್ಯಾಪಾರಕ್ಕಾಗಿ ಮತ್ತು ಧರ್ಮಪ್ರಚಾರಕ್ಕಾಗಿ. ಆಂಗ್ಲಿಕನ್ ಪಂಥದ ರಾಬರ್ಟ್ ಮೆಕ್‌ಡೊನಾಲ್ಡ್ ಎಂಬ ಪಾದ್ರಿಯು 1862ರಲ್ಲಿ ಗ್ವಿಚಿನ್ ಸೀಮೆಗೆ ಬಂದು, ಅವರ ಭಾಷೆಯನ್ನು ಕಲಿತು, ಅದಕ್ಕೆ ಲಿಪಿವಿಧಾನವನ್ನು ಏರ್ಪಡಿಸಿ, ಬೈಬಲ್ಲನ್ನು ಆ ಭಾಷೆಗೆ ತಿರುಗಿಸಿದನು. ಇಡೀ ಗ್ರಂಥ 1898ರಲ್ಲಿ ಅಚ್ಚಾಯಿತು. ಭಾಷೆಗೆ ಬರಹ ದೊರೆತುದು ಲಾಭವೇ ಸರಿ. ಆದರೆ ವ್ಯಾಪಾರದ ಬೆನ್ನಲ್ಲೇ ರೋಗಗಳೂ ಬಂದವು. 1911ರಲ್ಲಿ ರಾಂಪಾರ್ಟ್ ಹೌಸ್ ಎಂಬ ನೆಲೆಯಲ್ಲಿ ಸಿಡುಬು ಕಾಣಿಸಿಕೊಂಡಾಗ ಸೋಂಕಿನ ಭಯದಿಂದ ಮನೆಗಳನ್ನು ಸುಟ್ಟರು. ಆ ಮೇಲೆ ಕ್ರಮೇಣ ಜನ ಇತರ ನೆಲೆಗಳನ್ನೂ ಬಿಟ್ಟು ಓಲ್ಡ್ ಕ್ರೋದಲ್ಲಿ ಸೇರಿಕೊಂಡರು.

ಎಲ್ಲಕ್ಕೂ ಮಿಗಿಲಾದ ಆಘಾತ ಬಂದುದು ಶಾಲೆಯ ರೂಪದಲ್ಲಿ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ದೂರದ ವಸತಿಶಾಲೆಗಳಲ್ಲಿರಿಸಿ, ಅವರ ಭಾಷೆಯನ್ನು ಮರೆಸಿ, ಅವರನ್ನು ಬೇರೆ ಜನರನ್ನಾಗಿ ಮಾಡಬೇಕೆಂಬುದು ಕೆನಡ ಸರ್ಕಾರದ ನೀತಿಯಾಗಿದ್ದಿತು. 1920ರಲ್ಲಿ ಕಾನೂನಿನ ತಿದ್ದುಪಡಿಯಿಂದ ಹಾಜರಿ ಕಡ್ಡಾಯವಾಯಿತು. ಶಾಲೆಗಳ ಆಡಳಿತ ಕ್ರೈಸ್ತ ಪಂಥಗಳ ಕೈಯಲ್ಲಿದ್ದಿತು. ಆ ನೀತಿ ನಡೆದಷ್ಟು ಕಾಲದಲ್ಲಿ ದೇಶದಾದ್ಯಂತ 1,50,000ಕ್ಕೂ ಮಿಕ್ಕ ಮಕ್ಕಳು ಇಂತಹ ಶಾಲೆಗಳನ್ನು ಕಂಡರು. ಓಲ್ಡ್ ಕ್ರೋದ ಮಕ್ಕಳೂ ತಮ್ಮ ಯೂಕಾನ್ ಸೀಮೆಯ ದಕ್ಷಿಣದಲ್ಲಿರುವ ಕಾರ್ಕ್ರಾಸ್‌ಗೆ, ಮೆಕೆಂಜಿ ನದಿಯ ಮುಖಜಭೂಮಿಯಲ್ಲಿನ ಅಕ್ಲಾವಿಕ್‌ಗೆ, ಮುಂದೆ ಇನೂವಿಕ್‌ಗೆ ಹೋದರು. ಹೋದ ಮಗು ಮರಳಿ ಬಂದಾಗ ಅಜ್ಜಿಯ ಮಾತು ಅದಕ್ಕೆ ತಿಳಿಯುತ್ತಿರಲಿಲ್ಲ, ಹಿಮಪಾದುಕೆಯ ಗಂಟು ಹಾಕಲು ಬರುತ್ತಿರಲಿಲ್ಲ. ಊರಿನಲ್ಲಿಯೂ ಪರಕೀಯ, ಹೊರಗೂ ಪರಕೀಯ. ವಸಂತದಲ್ಲಿ ಕೆರೆಗಳ ಬಯಲಿಗೆ ಹೋಗಬೇಕಾದ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತ ಮಗುವಿಗೆ ನಷ್ಟವಾದುದು ಒಂದು ಋತುವಿನ ಬೇಟೆಯಷ್ಟೇ ಅಲ್ಲ, ತಾನು ಸಮರ್ಥನೆಂಬ ನಂಬಿಕೆಯೇ ಹೋಯಿತು.

ಇಂತಹ ಕಾಲದಲ್ಲಿ, 1950ರ ದಶಕದ ನಡುವೆ, ಜ್ಯಾಂ ಮರೀ ಮೂಷೇ ಎಂಬ ಕ್ಯಾಥೊಲಿಕ್ ಪಾದ್ರಿಯು ಓಲ್ಡ್ ಕ್ರೋಗೆ ಬಂದನು. ಆತ ಫ್ರಾನ್ಸ್ ದೇಶದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಬ್ಲೇಟ್ ಸಂಘದ ಧರ್ಮಪ್ರಚಾರಕನಾಗಿ ಕೆನಡದ ಉತ್ತರಸೀಮೆಗೆ ಬಂದವನು. ಹುಟ್ಟಿ ಬೆಳೆದ ಬೆಟ್ಟದ ನಾಡಿನಲ್ಲಿಯೇ ಸ್ಕೀ ಹತ್ತಿ ಜಾರುವುದನ್ನು ಬಲ್ಲವನು. ಮೆಕ್‌ಡೊನಾಲ್ಡನ ಕಾಲದಿಂದ ಆಂಗ್ಲಿಕನ್ನರಾಗಿದ್ದ ಊರಿನಲ್ಲಿ ಕ್ಯಾಥೊಲಿಕ್ ಪಾದ್ರಿಗೆ ಅನುಯಾಯಿಗಳು ಬಹಳ ಮಂದಿ ದೊರೆಯುವಂತಿರಲಿಲ್ಲ. ಅದು ಆತನಿಗೂ ಊರಿಗೂ ಒಂದು ಬಗೆಯಲ್ಲಿ ಶುಭವೇ ಆಯಿತೆಂದು ತೋರುತ್ತದೆ. ಏಕೆಂದರೆ ಮತಾಂತರದ ಕೆಲಸಕ್ಕೆ ಹೆಚ್ಚು ಎಡೆಯಿಲ್ಲದ ಕಡೆಯಲ್ಲಿ ಮನುಷ್ಯನಿಗೆ ಸುತ್ತಲೂ ನೋಡಲು ಬಿಡುವು ದೊರೆಯುತ್ತದೆ.

ನೋಡಿ ಆತನು ಕಂಡುಕೊಂಡುದೇನು? ಹಿರಿಯರು ಬೇಟೆಯ ಜಾಡಿನಲ್ಲಿ ಬೆಳೆದವರು, ದಣಿವನ್ನು ಲೆಕ್ಕಿಸದೆ ದಿನಗಟ್ಟಲೆ ನಡೆಯಬಲ್ಲವರು; ಹಳ್ಳಿಯಲ್ಲಿ ನೆಲಸಿದ ಕಿರಿಯರಿಗೆ ಆ ದೇಹಬಲವನ್ನು ಬೇಡುವ ಕೆಲಸ ಕಡಮೆಯಾಗುತ್ತಿದೆ; ಬಲದೊಡನೆ ಛಲವೂ ಸೋರಿಹೋಗುತ್ತಿದೆ. ಆದರೆ ಆ ಮಕ್ಕಳ ಮೈಯಲ್ಲಿ ವಂಶದಿಂದ ಬಂದ ಓಟ, ನಡಿಗೆ, ಚಳಿಯ ಪರಿಚಯ ಇನ್ನೂ ಉಳಿದಿದ್ದವು. ಅವುಗಳನ್ನು ಎಚ್ಚರಿಸಲು ದೂರ ಜಾರುವ ಸ್ಕೀ ತಕ್ಕ ಸಾಧನವೆಂದು ಆತನಿಗೆ ಹೊಳೆಯಿತು. ಯಾರೂ ಆತನಿಗೆ ಈ ಕೆಲಸವನ್ನು ವಹಿಸಿರಲಿಲ್ಲ; ಪಾದ್ರಿಯ ಕರ್ತವ್ಯಗಳಲ್ಲಿ ಇದು ಸೇರಿದ್ದೂ ಅಲ್ಲ; ತನ್ನ ಇಚ್ಛೆಯಿಂದ, ತನ್ನ ಹೊತ್ತಿನಲ್ಲಿ ಆತನು ಹಿಡಿದ ಕೆಲಸ ಅದು. ಬಹುಮಾನ ಗಳಿಸುವ ಆಟಗಾರರನ್ನು ತಯಾರಿಸುವುದಕ್ಕಿಂತ ಮುಖ್ಯವಾಗಿ, ಕಷ್ಟವನ್ನು ಮನಸಾರೆ ಆರಿಸಿಕೊಂಡು ಕೊನೆಮುಟ್ಟಿಸುವ ಹಳೆಯ ಅಭ್ಯಾಸವನ್ನು ಮಕ್ಕಳಲ್ಲಿ ಮತ್ತೆ ನೆಲೆಗೊಳಿಸುವುದು ಆತನ ಗುರಿಯಾಗಿದ್ದಿತು.

ಸ್ಕೀ ಗ್ವಿಚಿನ್ನರ ಪೂರ್ವಿಕರ ಸಾಧನವಲ್ಲ. ಆದರೂ ಅದು ಅವರ ಮಕ್ಕಳಿಗೆ ಅಷ್ಟು ಬೇಗ ಏಕೆ ಒಲಿಯಿತೆಂಬುದನ್ನು ತಿಳಿಯಬೇಕಾದರೆ ಆ ಕಲೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಅಂದಿನ ಸ್ಕೀ ಮರದ್ದು. ಕಿರಿದಾದ ಉದ್ದನೆಯ ಪಟ್ಟಿ, ನೀರು ಹೀರದಿರಲೆಂದು ಅಡಿಭಾಗಕ್ಕೆ ಮರದ ಡಾಂಬರು ಬಳಿದದ್ದು. ಪಟ್ಟಿಯ ನಡುಭಾಗ ನೆಲದಿಂದ ಕೊಂಚ ಮೇಲಕ್ಕೆ ಕಮಾನಿನಂತೆ ಬಾಗಿರುತ್ತದೆ. ಎರಡು ಕಾಲುಗಳ ಮೇಲೂ ಸಮನಾಗಿ ಭಾರವಿಟ್ಟು ಜಾರುವಾಗ ಆ ಕಮಾನು ಹಿಮವನ್ನು ಒತ್ತುವುದಿಲ್ಲ. ಒಂದೇ ಕಾಲಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒದ್ದಾಗ ಮಾತ್ರ ಅದು ಚಪ್ಪಟೆಯಾಗಿ ಹಿಮಕ್ಕೆ ತಗಲುತ್ತದೆ. ಆ ನಡುಭಾಗಕ್ಕೆ ಮೇಣ ಹಚ್ಚುತ್ತಾರೆ. ಒದ್ದ ಗಳಿಗೆಯಲ್ಲಿ ಹಿಮದ ಹರಳುಗಳ ಮೊನೆ ಮೇಣದೊಳಕ್ಕೆ ನಾಟಿ ಹಿಡಿತ ಕೊಡಬೇಕು. ಮರುಗಳಿಗೆಯೇ ಬಿಟ್ಟುಕೊಟ್ಟು ಜಾರಗೊಡಬೇಕು. ಚಳಿ ಹೆಚ್ಚಿದಂತೆ ಹರಳುಗಳು ಚೂಪಾಗುವುದರಿಂದ ಗಟ್ಟಿಮೇಣ ಬೇಕು. ಬಿಸಿಲು ತಾಕಿ ಹಿಮ ತೇವಗೊಂಡರೆ ಮೆದುಮೇಣ ಬೇಕು. ಎಣಿಕೆ ತಪ್ಪಿದರೆ ಒಂದೋ ಕಾಲು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಪಟ್ಟಿಯಡಿಯಲ್ಲಿ ಹಿಮ ಮುದ್ದೆಗಟ್ಟುತ್ತದೆ. ತೀವ್ರವಾದ ಚಳಿಯಲ್ಲಂತೂ ಹಿಮವು ಮರಳಿನಂತಾಗಿ ಜಾರುವುದೇ ಕಷ್ಟ. ಆದುದರಿಂದ ಹೊರಡುವ ಮೊದಲು ಸ್ಕೀಗಾರನು ಕುಕ್ಕರುಗಾಲಿನಲ್ಲಿ ಕುಳಿತು, ಹಿಮವನ್ನು ಬೆರಳಿನಲ್ಲಿ ತಿಕ್ಕಿ, ಅದು ನಿನ್ನೆಯದೋ ಇಂದಿನದೋ, ಒಣಗಿದೆಯೋ ತೇವವೋ ಎಂದು ನಿರ್ಣಯಿಸಿ, ತಕ್ಕ ಮೇಣವನ್ನು ತೆಳುವಾಗಿ ಬಳಿದು ತಿಕ್ಕಿ ನಯಮಾಡಬೇಕು. ಈ ನಿರ್ಣಯವನ್ನು ಹಿಮ ಕಾಣದ ನಾಡಿನವನಿಗೆ ಪುಸ್ತಕದಿಂದ ಕಲಿಸಬೇಕಾದೀತು. ಕೆರೆಗಳ ಬಯಲಿನಲ್ಲಿ ಬೆಳೆದವರ ಮಗುವಿಗೆ ಅದು ಮನೆಯ ಮಾತು. ಪಾದ್ರಿ ತಂದುದು ಪಟ್ಟಿಯನ್ನು. ಹಿಮವನ್ನು ಓದುವ ವಿದ್ಯೆ ಅಲ್ಲಿಯದೇ.

ಆ ವಿದ್ಯೆಯ ಬಲ ಬಹುಬೇಗ ಹೊರಜಗತ್ತಿಗೂ ತಿಳಿಯಿತು. 1963ರಲ್ಲಿ ಓಲ್ಡ್ ಕ್ರೋದ ಮಾರ್ತಾ ಬೆಂಜಮಿನ್ ಎಂಬಾಕೆ, ಮಕ್ಕಳ ತಾಯಿಯಾಗಿದ್ದವಳು, ಕೆನಡದ ಮಹಿಳೆಯರ ದೂರ ಸ್ಕೀ ಸ್ಪರ್ಧೆಯಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಳು. ರಸ್ತೆಯಿಲ್ಲದ ಹಳ್ಳಿಯಿಂದ ಬಂದ ಗೃಹಿಣಿಯೊಬ್ಬಳು ದಕ್ಷಿಣದ ನಗರಗಳ ಸ್ಪರ್ಧಿಗಳನ್ನು ಹಿಂದಿಕ್ಕಿದ ಆ ದಿನ, ಊರಿನ ಮಕ್ಕಳಿಗೆ ದೊರೆತ ಪಾಠ ಯಾವ ಶಾಲೆಯೂ ಕೊಡದಂತಹುದು. ಅದಕ್ಕೆ ಒಂದು ವರ್ಷ ಹಿಂದೆ, 1962ರಲ್ಲಿ, ಅದೇ ಊರಿನ ಈಡಿತ್ ಜೋಸೀ ಎಂಬಾಕೆ ವೈಟ್‌ಹಾರ್ಸ್ ಪಟ್ಟಣದ ಪತ್ರಿಕೆಗೆ ತನ್ನ ಊರಿನ ಸಮಾಚಾರಗಳನ್ನು ಬರೆಯತೊಡಗಿದ್ದಳು. ಯಾರು ಬೇಟೆಗೆ ಹೋದರು, ನದಿ ಯಾವಾಗ ಹೆಪ್ಪುಗಟ್ಟಿತು ಎಂಬ ಸುದ್ದಿಗಳನ್ನು ತನ್ನದೇ ಧಾಟಿಯ ಇಂಗ್ಲಿಷಿನಲ್ಲಿ ಬರೆದ ಆಕೆಯ ಅಂಕಣ ದೂರದೂರಕ್ಕೆ ಹೆಸರಾಯಿತು. ತನ್ನ ಜನರನ್ನು ಕುರಿತು ಪರರು ಹೇಳುವುದನ್ನು ಕೇಳುತ್ತ ಕೂತಿದ್ದ ಊರು ತಾನೇ ಮಾತಾಡತೊಡಗಿದ ಕಾಲ ಅದು. ಒಬ್ಬಳು ಲೇಖನಿಯಿಂದ, ಇನ್ನೊಬ್ಬಳು ಕಾಲಿನಿಂದ.

1960ರ ದಶಕದ ನಡುಗಾಲದಲ್ಲಿ ಮೂಷೇಯ ಕಾರ್ಯಕ್ಷೇತ್ರ ಇನೂವಿಕ್ ಪಟ್ಟಣಕ್ಕೆ ಬದಲಾಯಿತು. ನೆರೆ ಮತ್ತು ದಡಕೊರೆತಕ್ಕೆ ಸಿಕ್ಕಿದ್ದ ಅಕ್ಲಾವಿಕ್‌ಗೆ ಬದಲಾಗಿ ಸರ್ಕಾರ ಹೊಸದಾಗಿ ಕಟ್ಟಿದ ಊರು ಇನೂವಿಕ್. ಅಡಿಯ ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಅಲ್ಲಿ ಮನೆಗಳನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಗ್ವಿಚಿನ್, ಇನೂವಿಯಾಲುಯಿಟ್, ಮೇಟಿ, ಹೀಗೆ ನಾನಾ ಜನರ ಮಕ್ಕಳು ಅಲ್ಲಿನ ದೊಡ್ಡ ಶಾಲೆಗೂ ಅದಕ್ಕೆ ಹೊಂದಿದ ಎರಡು ವಸತಿನಿಲಯಗಳಿಗೂ 1959ರಿಂದ ಬರುತ್ತಿದ್ದರು. ಸರ್ಕಾರದ ಧನಸಹಾಯ ದೊರೆತು, ಪ್ರಾಯೋಗಿಕ ಸ್ಕೀ ಶಿಕ್ಷಣವೆಂಬ ಹೆಸರಿನಲ್ಲಿ ಅಲ್ಲಿ ಒಂದು ಕಾರ್ಯಕ್ರಮ ರೂಪುಗೊಂಡಿತು; ನಾರ್ವೆ ಮೂಲದ ಬ್ಯೋರ್ಗರ್ ಪೆಟರ್ಸನ್ ಎಂಬಾತ ತರಬೇತುದಾರನಾದನು. ಪ್ರಾಯೋಗಿಕವೆಂಬ ಮಾತು ಅರ್ಥವತ್ತಾದುದು: ಸ್ಪರ್ಧೆಯ ಶಿಸ್ತಿನಿಂದ ಹುಟ್ಟಿದ ಆತ್ಮಗೌರವವು ಮಗುವಿನ ಉಳಿದ ಬಾಳಿಗೂ ಹರಡೀತೇ ಎಂಬುದೇ ಅಲ್ಲಿನ ಪ್ರಶ್ನೆ.

ಆ ಮಕ್ಕಳಲ್ಲಿ ಶ್ಯಾರನ್ ಮತ್ತು ಶರ್ಲಿ ಫರ್ತ್ ಎಂಬ ಅವಳಿ ಹುಡುಗಿಯರಿದ್ದರು. 1953ರ ಡಿಸೆಂಬರ್ 31ರಂದು ಅಕ್ಲಾವಿಕ್‌ನಲ್ಲಿ ಹುಟ್ಟಿದವರು. ಬೇಟೆಯಿಂದಲೂ ತುಪ್ಪುಳದಿಂದಲೂ ಜೀವನ ಸಾಗಿಸುತ್ತಿದ್ದ ದೊಡ್ಡ ಸಂಸಾರ ಅವರದು. ಕಟ್ಟಿಗೆ, ನೀರು, ಬಲೆ, ಬೋನುಗಳ ಕೆಲಸದಲ್ಲಿ ಅವರ ತೋಳುತೊಡೆಗಳು ಸ್ಕೀ ಹಿಡಿಯುವುದಕ್ಕೆ ಮೊದಲೇ ಪಳಗಿದ್ದವು. 1972ರಲ್ಲಿ ಜಪಾನಿನ ಸಪ್ಪೋರೊದಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದಾಗ ಕೆನಡದ ದೂರ ಸ್ಕೀ ತಂಡದಲ್ಲಿ ಈ ಹದಿನೆಂಟರ ಹರೆಯದ ಅವಳಿಗಳಿದ್ದರು. ಅದೇ ಇನೂವಿಕ್‌ನ ರೋಸ್ಆ್ಯನ್ ಆ್ಯಲನ್, ರೋಜರ್ ಆ್ಯಲನ್, ಫ್ರೆಡ್ ಕೆಲ್ಲಿ ಎಂಬವರೂ ಇದ್ದರು. ವಿಶಾಲವಾದ ಒಂದು ದೇಶದ ರಾಷ್ಟ್ರೀಯ ತಂಡದ ಬಹುಪಾಲು ಭೂಪಟದ ತುತ್ತತುದಿಯ ಒಂದು ಸಣ್ಣ ಪಟ್ಟಣದಿಂದ ಬಂದಿತು. ಅವಳಿಗಳು ಆ ಮೇಲೆ 1976ರಲ್ಲಿ ಇನ್ಸ್‌ಬ್ರುಕ್, 1980ರಲ್ಲಿ ಲೇಕ್ ಪ್ಲ್ಯಾಸಿಡ್, 1984ರಲ್ಲಿ ಸರಾಯೆವೊ, ಹೀಗೆ ಒಟ್ಟು ನಾಲ್ಕು ಒಲಿಂಪಿಕ್‌ಗಳಲ್ಲಿ ಸ್ಪರ್ಧಿಸಿದರು. ಒಲಿಂಪಿಕ್ ಪದಕ ಅವರಿಗೆ ದೊರೆಯಲಿಲ್ಲ. ರಾಷ್ಟ್ರೀಯ ಪಂದ್ಯಗಳಲ್ಲಿ ಮಾತ್ರ ಅನೇಕ ವರ್ಷ ಅವರಿಗೆ ಸರಿಸಾಟಿಯಿರಲಿಲ್ಲ. 1987ರಲ್ಲಿ ಇಬ್ಬರಿಗೂ ಆರ್ಡರ್ ಆಫ್ ಕೆನಡ ಎಂಬ ರಾಷ್ಟ್ರಗೌರವ ಸಂದಿತು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಮಂಗಳಕರವಾದೀತು, ಆದರೆ ಸತ್ಯವಾಗಲಾರದು. ಸ್ಕೀ ಕಲಿತ ಮಕ್ಕಳಲ್ಲಿ ಎಷ್ಟೋ ಮಂದಿ ಹಗಲು ಜಾಡಿನಲ್ಲಿ ಜಾರಿ ಸಂಜೆಗೆ ಮರಳುತ್ತಿದ್ದುದು ಅವೇ ವಸತಿನಿಲಯಗಳಿಗೆ. ಇನೂವಿಕ್‌ನ ವಸತಿನಿಲಯವೊಂದರಲ್ಲಿ ಮೇಲ್ವಿಚಾರಕರು ಮಕ್ಕಳ ಮೇಲೆ ನಡೆಸಿದ ಅತ್ಯಾಚಾರಗಳು ಬಹು ವರ್ಷಗಳ ಮೇಲೆ ನ್ಯಾಯಾಲಯಗಳಲ್ಲಿ ಸಾಬೀತಾದವು. ಮಗುವಿಗೆ ಒಂದು ಕೈ ಸ್ಕೀ ಕಟ್ಟಿಕೊಟ್ಟಿತು. ಅದೇ ಪಂಥದ, ಅದೇ ಆಡಳಿತದ ಇನ್ನೊಂದು ಕೈ ಅದರ ಭಾಷೆಯನ್ನೂ ಮನೆಯನ್ನೂ ಕಸಿದುಕೊಂಡಿತು. ಒಂದರ ಪುಣ್ಯದಿಂದ ಇನ್ನೊಂದರ ಪಾಪ ತೊಳೆಯದು. ಜಾಡಿನ ಮೇಲೆ ಕಳೆದ ಗಂಟೆಗಳು ಕೆಲವು ಮಕ್ಕಳಿಗೆ ಉಸಿರಾಡಲು ದೊರೆತ ಎಡೆಯಾಗಿದ್ದಿರಬಹುದು. ಆದರೆ ಉಸಿರುಕಟ್ಟಿದ ಮನೆಯನ್ನು ಪ್ರಶ್ನಿಸದೆ ಕಿಟಕಿಯೊಂದನ್ನು ತೆರೆಯುವ ಸೇವೆ ಅರ್ಧ ಸೇವೆಯೇ ಸರಿ. ಕೆನಡ ಸರ್ಕಾರ 2008ರ ಜೂನ್ 11ರಂದು ಸಂಸತ್ತಿನಲ್ಲಿ ವಸತಿಶಾಲೆಗಳಿಗಾಗಿ ಕ್ಷಮೆ ಯಾಚಿಸಿತು. ಸತ್ಯ ಮತ್ತು ಸಮನ್ವಯದ ಆಯೋಗವು 2015ರಲ್ಲಿ 94 ಕಾರ್ಯಸೂಚನೆಗಳನ್ನು ಮುಂದಿಟ್ಟಿತು. ಅವುಗಳಲ್ಲಿ 87ರಿಂದ 91ರವರೆಗಿನವು ಕ್ರೀಡೆಗೆ ಸಂಬಂಧಪಟ್ಟವು. ಮೂಲನಿವಾಸಿ ಕ್ರೀಡಾಪಟುಗಳ ಚರಿತ್ರೆಯನ್ನು ದೇಶಕ್ಕೆಲ್ಲ ತಿಳಿಸಬೇಕೆಂಬುದು ಮೊದಲನೆಯದು. ಆ ವರ್ಷವೇ ಫರ್ತ್ ಅವಳಿಗಳ ಹೆಸರು ಕೆನಡದ ಕ್ರೀಡಾ ಕೀರ್ತಿಮಂದಿರವನ್ನು ಸೇರಿತು. ಶರ್ಲಿ ಅದನ್ನು ನೋಡಲು ಉಳಿದಿರಲಿಲ್ಲ, 2013ರಲ್ಲಿ ತೀರಿಕೊಂಡಿದ್ದಳು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಹೊರಗಿನ ಹಣ, ಹೊರಗಿನ ತರಬೇತುದಾರ, ಹೊರಗಿನ ಸ್ಪರ್ಧೆ, ಇವುಗಳ ಮೇಲೆ ನಿಂತ ಕೆಲಸ ಇವು ಸರಿದಾಗ ತಾನೂ ಸೊರಗುತ್ತದೆ. ಆದುದರಿಂದ ಸೇವೆಯ ಬೆಲೆಯನ್ನು ಸೇವಕನು ಊರಿನಲ್ಲಿದ್ದಾಗ ಅಳೆಯಬಾರದು. ಆತ ಹೊರಟುಹೋದ ಮೇಲೆ ಊರಿನವರ ಕೈಯಲ್ಲಿ ಏನು ಉಳಿಯಿತೆಂದು ಅಳೆಯಬೇಕು. ಆ ಅಳತೆಗೆ ನಿಲ್ಲುವ ಸಂಗತಿಗಳು ಇಲ್ಲದಿಲ್ಲ. ಶ್ಯಾರನ್ ಫರ್ತ್ ಸ್ಪರ್ಧೆಗಳಿಂದ ನಿವೃತ್ತಳಾದ ಮೇಲೆ ತನ್ನ ಸೀಮೆಯ ಯುವಜನರ ಕೆಲಸದಲ್ಲಿಯೇ ತೊಡಗಿದಳು. 1970ರಲ್ಲಿ ಯೆಲೊನೈಫ್‌ನಲ್ಲಿ ಆರಂಭವಾದ ಆರ್ಕ್‌ಟಿಕ್ ಚಳಿಗಾಲದ ಕ್ರೀಡೆಗಳಲ್ಲಿ ಸ್ಕೀಯ ಪಕ್ಕದಲ್ಲಿಯೇ ಹಿಮಪಾದುಕೆಯ ಓಟಕ್ಕೂ, ಉತ್ತರದ ಜನರ ಸಾಂಪ್ರದಾಯಿಕ ಆಟಗಳಿಗೂ ಎಡೆ ದೊರೆತಿದೆ. ಇತ್ತೀಚೆಗೆ ಒಲಿಂಪಿಕ್ ಸ್ವರ್ಣಪದಕ ವಿಜೇತೆ ಬೆಕಿ ಸ್ಕಾಟ್ ಸ್ಥಾಪಿಸಿದ ಸ್ಪಿರಿಟ್ ನಾರ್ತ್ ಎಂಬ ಸಂಸ್ಥೆಯು ಸ್ಕೀ ಮೊದಲಾದ ಕ್ರೀಡೆಗಳ ಮೂಲಕ ಮೂಲನಿವಾಸಿ ಮಕ್ಕಳ ನಡುವೆ ಕೆಲಸ ಮಾಡುತ್ತಿದೆ.

ರಾಜಕೀಯದಲ್ಲಿಯೂ ಈ ದಶಕಗಳಲ್ಲಿ ಬದಲಾವಣೆ ನಡೆಯಿತು. 1970ರ ದಶಕದಲ್ಲಿ ಮೆಕೆಂಜಿ ಕಣಿವೆಯ ಅನಿಲದ ಕೊಳವೆಮಾರ್ಗವನ್ನು ಕುರಿತು ನ್ಯಾಯಮೂರ್ತಿ ಥಾಮಸ್ ಬರ್ಜರ್ ವಿಚಾರಣೆ ನಡೆಸಿ, ಹಳ್ಳಿಹಳ್ಳಿಗೆ ಹೋಗಿ ಜನರ ಮಾತನ್ನು ಕೇಳಿದನು. ಓಲ್ಡ್ ಕ್ರೋಗೂ ಹೋದನು. ಕ್ಯಾರಿಬೂ ನಡೆಯುವ ಉತ್ತರ ಯೂಕಾನಿನಲ್ಲಿ ಕೊಳವೆ ಎಂದಿಗೂ ಬೇಡವೆಂದು 1977ರಲ್ಲಿ ಆತನ ವರದಿ ಹೇಳಿತು. 1993ರಲ್ಲಿ ವುಂಟುಟ್ ಗ್ವಿಚಿನ್ನರು ತಮ್ಮ ಭೂಮಿಯನ್ನೂ ಸ್ವಯಮಾಡಳಿತವನ್ನೂ ಕುರಿತ ಒಪ್ಪಂದಗಳಿಗೆ ಸಹಿ ಹಾಕಿದರು. ಇಂದು ಆ ಊರಿಗೆ ಹೋಗುವ ಸ್ವಯಂಸೇವಕನು ಯಾರದೋ ಅನಾಥ ಮಕ್ಕಳ ಬಳಿಗೆ ಹೋಗುತ್ತಿಲ್ಲ. ತಮ್ಮದೇ ಸರ್ಕಾರವುಳ್ಳ ಒಂದು ಜನಾಂಗದ ಅತಿಥಿಯಾಗಿ ಹೋಗುತ್ತಾನೆ. ಅತಿಥಿಯ ಮರ್ಯಾದೆ ಆತನಿಗೆ ತಿಳಿದಿರಬೇಕು. ಕರೆದರೆ ಹೋಗಬೇಕು, ಹೋದರೆ ಒಂದೆರಡು ವಾರದ ಪುಣ್ಯಕ್ಕಾಗಿ ಹೋಗದೆ, ಮಕ್ಕಳು ತನ್ನನ್ನು ನಂಬುವಷ್ಟು ಕಾಲ ನಿಲ್ಲಬೇಕು, ಕಲಿಸುವ ಮೊದಲು ಅಲ್ಲಿನ ಅಜ್ಜಿಯರ ಬಳಿ ಕುಳಿತು ಕಲಿಯಬೇಕು, ಮರಳುವ ಹೊತ್ತಿಗೆ ತನ್ನ ಕೆಲಸವನ್ನು ಮಾಡಬಲ್ಲವರು ಆ ಊರಿನಲ್ಲೇ ಇರುವಂತೆ ನೋಡಿಕೊಳ್ಳಬೇಕು.

ಹಿಮಪಾದುಕೆಯ ಜಾಡಿನ ವಿಷಯವನ್ನು ಮೊದಲಿಗೆ ಹೇಳಿದ್ದೆ. ಮಾರ್ತಾ ಬೆಂಜಮಿನ್ನಳೂ ಫರ್ತ್ ಅವಳಿಗಳೂ ಗೆದ್ದಾಗ ಹೊರಗಿನ ಜಗತ್ತು ಅದನ್ನು ಒಬ್ಬ ಪಾದ್ರಿಯ ಪವಾಡವೆಂದು ಕೊಂಡಾಡಿದ್ದುಂಟು. ಮೂಷೇಯ ಶ್ರಮಕ್ಕೂ ಪ್ರೀತಿಗೂ ಸಲ್ಲತಕ್ಕ ಗೌರವವನ್ನು ಸಲ್ಲಿಸಿಯೂ ನಾವು ಹೇಳಬೇಕಾದುದಿಷ್ಟು: ಕಾಣದಂತೆ ಮೇಲೆ ಬಿದ್ದಿದ್ದ ಹೊಸ ಹಿಮವನ್ನು ಆತನು ಕೊಂಚ ಸರಿಸಿದನು, ಮಕ್ಕಳ ಕಾಲಿಗೆ ಸಿಕ್ಕಿದ ಗಟ್ಟಿ ನೆಲೆ ಅವರ ತಾಯಿ ತಂದೆ ಅಜ್ಜ ಅಜ್ಜಿಯರು ಹೊರೆ ಹೊತ್ತು, ನಾಯಿಗಳ ಮುಂದೆ ನಡೆದು, ಚಳಿಯ ರಾತ್ರಿಗಳಲ್ಲಿ ಹೆಪ್ಪುಗಟ್ಟಲೆಂದು ಬಿಟ್ಟುಹೋದದ್ದು.